ಹೃದಯಾಘಾತವೂ ಗಡಿಯಾರವೂ

ನಮ್ಮ ಸೀಮೆಯ ಊರುಗಳಲ್ಲಿ ಎದೆ ಹಿಡಿದುಕೊಂಡು ಕುಳಿತವನಿಗೆ ಮೊದಲು ದೊರೆಯುವ ಔಷಧವೆಂದರೆ ಒಂದು ಸೀಸೆ ಸೋಡಾ. “ಗ್ಯಾಸ್ ಹಿಡದೈತೆ, ಸೋಡಾ ಕುಡದ್ರೆ ಇಳೀತೈತೆ” ಎಂಬ ಮಾತು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಕೊಟ್ಟೂರಿನಿಂದ ಹಡಗಲಿಯವರೆಗೆ ಎಲ್ಲ ಕಟ್ಟೆಗಳ ಮೇಲೂ ಕೇಳಿಬರುವುದು. ಅನೇಕ ಸಲ ಆ ಮಾತು ನಿಜವೂ ಆಗಿರಬಹುದು. ಜೋಳದ ರೊಟ್ಟಿಗೆ ಖಾರದ ಚಟ್ನಿ ನಂಚಿಕೊಳ್ಳುವ, ಬೆಳಗಿನ ಉಪಾಹಾರಕ್ಕೆ ಒಗ್ಗರಣೆ-ಮಿರ್ಚಿ ತಿನ್ನುವ ನಾಡಿನಲ್ಲಿ ಹೊಟ್ಟೆಯುರಿಯು ಅಪರೂಪದ ಸಂಗತಿಯೇನೂ ಅಲ್ಲ. ಆದರೆ ಉಳಿದ ಸಲಗಳಲ್ಲಿ, ಸೋಡಾದ ನೊರೆ ಆರುವಷ್ಟರಲ್ಲಿ, ಕುಳಿತವನ ಹೃದಯದ ಒಂದು ಭಾಗವು ರಕ್ತವಿಲ್ಲದೆ ಸಾಯಲು ತೊಡಗಿರುವುದು. ಯಾವುದು ಹೊಟ್ಟೆಯ ನೋವು, ಯಾವುದು ಹೃದಯದ ನೋವು ಎಂಬ ಸಂದೇಹದಲ್ಲಿಯೇ ಗಂಟೆಗಳು ಕಳೆಯುವುವು. ಆ ಗಂಟೆಗಳ ಬೆಲೆಯೇನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಭೌತವಿಜ್ಞಾನದ ಅಧ್ಯಾಪಕರಾದ ನಾವು ವೈದ್ಯರಲ್ಲ. ಚಿಕಿತ್ಸೆಯನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಆದರೆ ಕೊಳವೆಯಲ್ಲಿ ದ್ರವದ ಹರಿವು, ವಿದ್ಯುತ್ತು, ಕಾಲ ಇವು ಮೂರೂ ನಮ್ಮ ಪಠ್ಯಪುಸ್ತಕಗಳ ವಿಷಯಗಳೇ ಆಗಿವೆ. ಹೃದಯಾಘಾತವನ್ನು ತಿಳಿಯಲು ಈ ಮೂರರ ಜ್ಞಾನವೇ ಬಹುಮಟ್ಟಿಗೆ ಸಾಕು.

ಒಂದು ವಾಟಿನ ಯಂತ್ರ

ಹೃದಯವು ಹೆಚ್ಚುಕಡಮೆ ಅವರವರ ಮುಷ್ಟಿಯಷ್ಟು ದೊಡ್ಡದಾದ ಸ್ನಾಯುವಿನ ಪಂಪು. ವಿಶ್ರಾಂತಿಯಲ್ಲಿರುವ ವಯಸ್ಕನಲ್ಲಿ ಅದು ನಿಮಿಷಕ್ಕೆ ಸುಮಾರು 70 ಸಲ ಮಿಡಿದು ಸುಮಾರು 5 ಲೀಟರು ರಕ್ತವನ್ನು ದೇಹಕ್ಕೆ ನೂಕುವುದು. ದಿನವೊಂದಕ್ಕೆ ಲೆಕ್ಕ ಹಾಕಿದರೆ ಮಿಡಿತಗಳು ಸುಮಾರು 1,00,000. ರಕ್ತ 7,200 ಲೀಟರು. 15 ಲೀಟರಿನ ಕೊಡದಿಂದ ಅಳೆದರೆ ಇದು 480 ಕೊಡವಾಗುವುದು. ಬೇಸಗೆಯಲ್ಲಿ ದೂರದ ಬಾವಿಯಿಂದ ನೀರು ಹೊತ್ತ ಮನೆಯವರಿಗೆ ಈ ಅಂಕಿಯ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ.

ಈ ರಕ್ತವನ್ನು ನೂಕುವ ಒತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯೊಂದರ ಧಮನಿಗೆ ಆತನು ಜೋಡಿಸಿದ ಗಾಜಿನ ಕೊಳವೆಯಲ್ಲಿ ರಕ್ತವು 8 ಅಡಿ 3 ಅಂಗುಲ ಎತ್ತರಕ್ಕೆ ಏರಿತೆಂದು 1733ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೇಳಿದ್ದಾನೆ. ಮನುಷ್ಯನಲ್ಲಿ 120 ಮಿಲಿಮೀಟರು ಪಾದರಸದ ಒತ್ತಡವೆಂದರೆ ರಕ್ತವನ್ನು ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಎತ್ತರಕ್ಕೆ ಏರಿಸಬಲ್ಲ ಒತ್ತಡ. ಸರಾಸರಿ ಒತ್ತಡವನ್ನು ನಿಮಿಷದ ಹರಿವಿನೊಡನೆ ಗುಣಿಸಿ, ಸೆಕೆಂಡಿಗೆ ಭಾಗಿಸಿ ನೋಡಿದರೆ, ಎಡ ಹೃತ್ಕುಕ್ಷಿಯ ಸಾಮರ್ಥ್ಯವು ಸುಮಾರು 1 ವಾಟ್ ಎಂದು ತಿಳಿಯುವುದು. ರಾತ್ರಿ ದೇವರ ಗೂಡಿನಲ್ಲಿ ಉರಿಯುವ ಪುಟ್ಟ ವಿದ್ಯುದ್ದೀಪದಷ್ಟೇ ಸಾಮರ್ಥ್ಯ! ಆದರೆ ಆ ದೀಪವನ್ನು ನಾವು ಬೆಳಗಾದೊಡನೆ ಆರಿಸುವೆವು. ಹೃದಯಕ್ಕೆ ಅಂಥ ಬಿಡುವಿಲ್ಲ.

ಬಿಡುವಿಲ್ಲದೆ ದುಡಿಯುವ ಸ್ನಾಯುವಿಗೆ ಬಿಡುವಿಲ್ಲದೆ ಆಮ್ಲಜನಕವೂ ಬೇಕು. ಹೃದಯದ ಕೋಣೆಗಳಲ್ಲಿ ತುಂಬಿರುವ ರಕ್ತವು ಅದರ ದಪ್ಪವಾದ ಗೋಡೆಗೆ ಒದಗುವುದಿಲ್ಲ. ಅದಕ್ಕಾಗಿ ಪ್ರತ್ಯೇಕವಾದ ಧಮನಿಗಳಿವೆ. ಅವು ಹೃದಯವನ್ನು ಕಿರೀಟದಂತೆ ಸುತ್ತುವರಿದಿರುವುದರಿಂದ ಅವುಗಳಿಗೆ ಕಿರೀಟಧಮನಿಗಳೆಂದು ಹೆಸರು. ಅವುಗಳ ಮುಖ್ಯ ಕವಲುಗಳ ಒಳಗಿನ ಅಗಲವು ಮೂರು-ನಾಲ್ಕು ಮಿಲಿಮೀಟರು ಮಾತ್ರ. ಒಂದು ಜೋಳದ ಕಾಳು ತೂರುವಷ್ಟು ಎಂದರೆ ಸರಿಯಾದೀತು. ಇಡೀ ಜೀವವು ಈ ಕಿರಿದಾದ ಕೊಳವೆಗಳನ್ನು ನಂಬಿಕೊಂಡಿರುವುದು.

ಕಿರಿದಾದ ಕೊಳವೆಯ ನಿಯಮ

ಕೊಳವೆಯಲ್ಲಿ ದ್ರವವು ಹರಿಯುವ ನಿಯಮವನ್ನು 1840ರ ಸುಮಾರಿನಲ್ಲಿ ಪ್ರಯೋಗಗಳಿಂದ ಕಂಡುಹಿಡಿದವನು ಫ್ರಾನ್ಸಿನ ಪ್ವಾಸೇಯ್. ಕಾಲೇಜಿನ ವಿದ್ಯಾರ್ಥಿಗಳು ದ್ರವಗಳ ಸ್ನಿಗ್ಧತೆಯ ಪಾಠದಲ್ಲಿ ಅವನ ಹೆಸರನ್ನು ಕೇಳಿರುವರು. ಅವನು ವೈದ್ಯನೂ ಆಗಿದ್ದನೆಂಬುದೂ, ರಕ್ತದ ಹರಿವನ್ನು ತಿಳಿಯುವ ಕುತೂಹಲದಿಂದಲೇ ಆ ಪ್ರಯೋಗಗಳನ್ನು ಕೈಗೊಂಡನೆಂಬುದೂ ಅನೇಕರಿಗೆ ತಿಳಿಯದು. ಅವನ ನಿಯಮದಂತೆ, ಒತ್ತಡವು ಬದಲಾಗದಿದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದು. ತ್ರಿಜ್ಯವು ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಹದಿನಾರರಲ್ಲಿ ಒಂದು ಪಾಲಾಗುವುದು. ತ್ರಿಜ್ಯವು ಶೇಕಡ 10ರಷ್ಟು ಕಡಮೆಯಾದರೂ ಹರಿವು ಸುಮಾರು ಮೂರನೆಯ ಒಂದು ಪಾಲು ಇಳಿಯುವುದು.

ನಮ್ಮ ಕಡೆಯ ದಾಳಿಂಬೆ ತೋಟಗಳಲ್ಲಿ ಹನಿ ನೀರಾವರಿಯ ಕೊಳವೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಕೊಳವೆಬಾವಿಯ ಗಡಸು ನೀರಿನ ಲವಣವು ಒಳಗೆ ಕಟ್ಟಿಕೊಳ್ಳುತ್ತ ಬಂದಂತೆ ಸಾಲಿನ ತುದಿಯ ಗಿಡಗಳು ಮೊದಲು ಬಾಡುವುವು. ಕಿರೀಟಧಮನಿಯ ಗೋಡೆಯಲ್ಲಿಯೂ ವರ್ಷಗಳು ಕಳೆದಂತೆ ಕೊಬ್ಬು, ಕೊಲೆಸ್ಟರಾಲ್ ಮತ್ತು ನಾರಿನಂಥ ವಸ್ತು ಸೇರಿ ದಡ್ಡುಗಟ್ಟುವುದು. ಈ ಕ್ರಿಯೆಯು ಯೌವನದಲ್ಲಿಯೇ ಮೊದಲಾಗುವುದೆಂಬುದನ್ನು ನಮ್ಮ ತರುಣ ವಾಚಕರು ಗಮನಿಸಬೇಕು. ದಾರಿ ಕಿರಿದಾದವನು ಸುಮ್ಮನೆ ಕುಳಿತಿರುವಾಗ ಏನೂ ತೋರದಿರಬಹುದು. ಏಕೆಂದರೆ ಮುಂದಿನ ಸಣ್ಣ ನಾಳಗಳು ಹಿಗ್ಗಿ ಕೊರತೆಯನ್ನು ತುಂಬಿಕೊಡುವುವು. ಮೂಟೆ ಹೊತ್ತಾಗ, ಗುಡ್ಡ ಹತ್ತಿದಾಗ ಆ ಕಾಪು ಸಾಲದೆ ಎದೆ ಬಿಗಿಯುವುದು, ನಿಂತರೆ ಶಮನವಾಗುವುದು. ಇದು ಎಚ್ಚರಿಕೆಯ ಗಂಟೆ. ಇಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಆದರೆ ಕೊಳವೆಯ ಹೋಲಿಕೆಯು ಇಲ್ಲಿಗೆ ನಿಲ್ಲುವುದು. ಹೃದಯಾಘಾತವು ಬಹುತೇಕ ದಾರಿ ಮೆಲ್ಲಮೆಲ್ಲನೆ ಮುಚ್ಚಿಹೋಗುವುದರಿಂದ ಆಗುವುದಲ್ಲ. ಗೋಡೆಯೊಳಗಿನ ಆ ದಡ್ಡಿನ ತೆಳುವಾದ ಹೊದಿಕೆ ಒಂದು ದಿನ ಥಟ್ಟನೆ ಬಿರಿಯುವುದು. ಗಾಯವಾಯಿತೆಂದು ತಿಳಿದ ರಕ್ತದ ಕಿರುತಟ್ಟೆಗಳು ಅಲ್ಲಿಗೆ ಮುತ್ತಿಕೊಂಡು ರಕ್ತವನ್ನು ಹೆಪ್ಪುಗಟ್ಟಿಸುವುವು. ಕೈ ಕುಯ್ದುಕೊಂಡಾಗ ನಮ್ಮನ್ನು ಉಳಿಸುವ ಇದೇ ಕ್ರಿಯೆಯು ಕಿರೀಟಧಮನಿಯಲ್ಲಿ ಕೆಲವೇ ನಿಮಿಷಗಳಲ್ಲಿ ದಾರಿಯನ್ನು ಪೂರ್ತಿ ಮುಚ್ಚಿಬಿಡಬಹುದು. ಹೀಗೆ ಬಿರಿಯುವ ದಡ್ಡು ದೊಡ್ಡದಾಗಿಯೇ ಇರಬೇಕೆಂಬ ನಿಯಮವಿಲ್ಲ. ಆದುದರಿಂದಲೇ ನೆನ್ನೆಯವರೆಗೆ ಹೊಲದಲ್ಲಿ ದುಡಿದು ಗಟ್ಟಿಮುಟ್ಟಾಗಿದ್ದವನೂ ಇಂದು ಕುಸಿಯುವುದುಂಟು.

ಗುರುತಿಸುವ ಬಗೆ

ಹೃದಯಾಘಾತದ ನೋವು ಸೂಜಿ ಚುಚ್ಚಿದಂತೆ ಒಂದು ಬಿಂದುವಿನಲ್ಲಿ ಇರುವುದು ಕಡಮೆ. ಎದೆಯ ನಡುವೆ ಹಿಂಡಿದಂತೆ, ಬಿಗಿದು ಕಟ್ಟಿದಂತೆ, ಬಂಡೆಯನ್ನು ಹೇರಿದಂತೆ ಇರುವುದೆಂದು ರೋಗಿಗಳು ಹೇಳುವರು. ಬೆರಳಿನಿಂದ ತೋರಿಸದೆ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲಿಟ್ಟು ತೋರಿಸುವರು. ನೋವು ಎಡಗೈಗೆ, ಕೆಲವರಲ್ಲಿ ಎರಡೂ ಕೈಗಳಿಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಇಲ್ಲವೆ ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಜೊತೆಗೆ ತಣ್ಣನೆಯ ಬೆವರು, ಉಸಿರು ಕಟ್ಟುವಿಕೆ, ವಾಕರಿಕೆ, ತಲೆಸುತ್ತು, ಜೀವವೇ ಹೋದಂಥ ಕಳವಳ ಕಾಣುವುವು. ವಿಶ್ರಮಿಸಿದರೂ ಕೆಲವು ನಿಮಿಷಗಳಲ್ಲಿ ಇಳಿಯದ ಇಂಥ ನೋವನ್ನು, ಬೇರೆಯೆಂದು ವೈದ್ಯರು ಹೇಳುವವರೆಗೆ, ಹೃದಯದ್ದೆಂದೇ ಭಾವಿಸತಕ್ಕದ್ದು.

ಎಲ್ಲರಿಗೂ ನೋವೇ ಬರುವುದೆಂದು ತಿಳಿಯಬಾರದು. ಹೆಂಗಸರಲ್ಲಿ, ಮುದುಕರಲ್ಲಿ ಮತ್ತು ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರಲ್ಲಿ ಎದೆನೋವು ಸ್ವಲ್ಪವೇ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆಂದೂ ಇಲ್ಲದ ಸುಸ್ತು, ವಾಂತಿ, ಕುಳಿತಲ್ಲಿಯೇ ಏದುಸಿರು ಇವೇ ಅವರಲ್ಲಿ ಹೃದಯಾಘಾತದ ಮುಖವಾಗಿರಬಹುದು. ಒಲೆಯ ಮುಂದೆ ಕುಳಿತ ಅಜ್ಜಿಗೆ ಬೆವರು ಹರಿದರೆ ಸೆಕೆಯೆಂದೂ, ವಾಂತಿಯಾದರೆ ಪಿತ್ತವೆಂದೂ ಹೇಳುವುದು ನಮ್ಮಲ್ಲಿ ಸುಲಭ. ಮನೆಯಲ್ಲಿ ನೋವನ್ನು ಕೊನೆಗೆ ಹೇಳಿಕೊಳ್ಳುವವಳೂ ಅವಳೇ.

ಹೊಟ್ಟೆಯುರಿಗೂ ಹೃದಯದ ನೋವಿಗೂ ಇರುವ ಭೇದವನ್ನು ಮನೆಯಲ್ಲಿ ಕುಳಿತು ಖಚಿತಪಡಿಸಲು ಸಾಧ್ಯವಿಲ್ಲ. ಎರಡು ಅಂಗಗಳ ನೋವಿನ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ಒಂದರ ಹತ್ತಿರ ಒಂದು ಸೇರುವುದರಿಂದ ಮಿದುಳಿಗೇ ಗೊಂದಲವಾಗುವುದು. ತೇಗು ಬಂದು ಹಗುರವಾಯಿತೆಂಬುದು ಯಾವ ಪ್ರಮಾಣವೂ ಅಲ್ಲ. ಭೇದವನ್ನು ಹೇಳಬಲ್ಲದ್ದು ಒಂದು ಕಾಗದದ ಪಟ್ಟಿ. ಅದರ ವಿಚಾರವನ್ನು ಮುಂದೆ ನೋಡುವೆವು.

ಕಾಲದ ಲೆಕ್ಕ

ಧಮನಿಯು ಪೂರ್ತಿ ಮುಚ್ಚಿದ ಮೇಲೆ ಹೃದಯದ ಸ್ನಾಯು ಒಂದೇ ಸಲ ಸಾಯುವುದಿಲ್ಲ. ಸುಮಾರು 20ರಿಂದ 30 ನಿಮಿಷಗಳಾದಾಗ ಗೋಡೆಯ ಒಳಪದರದಲ್ಲಿ ಸಾವು ಮೊದಲಾಗಿ, ಮುಂದಿನ ಕೆಲವು ಗಂಟೆಗಳಲ್ಲಿ ಅದು ಹೊರಪದರದತ್ತ ಸಾಗುವುದು. ಬಣವೆಯ ಒಂದು ಮೂಲೆಗೆ ಬಿದ್ದ ಬೆಂಕಿ ಹಬ್ಬುವಂತೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಅಲ್ಲಿ ಗಾಯದ ಕಲೆ ಮಾತ್ರ ಉಳಿಯುವುದು. ಆದುದರಿಂದ ಚಿಕಿತ್ಸೆಯ ಫಲವು ಔಷಧವನ್ನು ಎಷ್ಟು ಬೇಗ ಕೊಟ್ಟರೆಂಬುದನ್ನು ಅವಲಂಬಿಸಿದೆ. 1986ರಲ್ಲಿ ಇಟಲಿಯ ವೈದ್ಯರು 11,000ಕ್ಕೂ ಹೆಚ್ಚು ರೋಗಿಗಳನ್ನು ಕುರಿತ ಪ್ರಯೋಗವೊಂದರ ಫಲಿತಾಂಶವನ್ನು ಪ್ರಕಟಿಸಿದರು. ಹೆಪ್ಪನ್ನು ಕರಗಿಸುವ ಔಷಧವನ್ನು ನೋವು ಮೊದಲಾದ 1 ಗಂಟೆಯೊಳಗೆ ಪಡೆದವರಲ್ಲಿ ಸಾವಿನ ಪ್ರಮಾಣವು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. 3 ಗಂಟೆಯೊಳಗೆ ಪಡೆದವರಲ್ಲಿ ಇಳಿತವು ಶೇಕಡ 23. ಮುಂದಿನ 3 ಗಂಟೆಗಳಲ್ಲಿ ಪಡೆದವರಲ್ಲಿ ಇನ್ನೂ ಕಡಮೆ. ಔಷಧ ಒಂದೇ, ಗಡಿಯಾರದ ಮುಳ್ಳು ಮಾತ್ರ ಬೇರೆ.

ಈಗ ನಮ್ಮ ಸೀಮೆಗೆ ಬರೋಣ. ಈ ನಾಲ್ಕು ತಾಲ್ಲೂಕುಗಳೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲಾ ಕೇಂದ್ರವಾದ ಹೊಸಪೇಟೆಯು ಹರಪನಹಳ್ಳಿಯವರಿಗಾಗಲಿ ಹಡಗಲಿಯವರಿಗಾಗಲಿ ಹತ್ತಿರದ ಊರಲ್ಲ. ಹರಪನಹಳ್ಳಿಯವರು ಸುಮಾರು 50 ಕಿಲೋಮೀಟರು ದೂರದ ದಾವಣಗೆರೆಯ ಕಡೆಗೆ, ಕೂಡ್ಲಿಗಿಯವರು ಹೊಸಪೇಟೆ ಇಲ್ಲವೆ ಬಳ್ಳಾರಿಯ ಕಡೆಗೆ ನೋಡುವರು. ಮುಚ್ಚಿದ ಧಮನಿಯನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆಯು ಶ್ರೇಷ್ಠವೆಂಬುದೇನೋ ನಿಜ. ಆದರೆ ಅದನ್ನು ಸುಮಾರು 2 ಗಂಟೆಯೊಳಗೆ ಮಾಡಲು ಸಾಧ್ಯವಿಲ್ಲದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿಯೇ ಹೆಪ್ಪು ಕರಗಿಸುವ ಔಷಧವನ್ನು ಕೊಟ್ಟು ಮುಂದಕ್ಕೆ ಕಳುಹಿಸುವುದೇ ಮೇಲೆಂಬುದು ಹೃದ್ರೋಗತಜ್ಞರು ಒಪ್ಪಿರುವ ಕ್ರಮ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೊಟ್ಟೂರು ತಾಲ್ಲೂಕಿನ ಒಂದು ಹಳ್ಳಿ; ಆಸ್ಪತ್ರೆಗೆ 40 ನಿಮಿಷದ ದಾರಿ. ಬೆಳಗಿನ 6 ಗಂಟೆಗೆ ರೈತನೊಬ್ಬನಿಗೆ ಎದೆ ಬಿಗಿಯಿತು. ಮೊದಲು ಸೋಡಾ; ಆಮೇಲೆ ನೆರೆಯವರು ಕೊಟ್ಟ ಮಾತ್ರೆ; ಆಮೇಲೆ ಮಗನು ಹೊಲದಿಂದ ಬರಲೆಂಬ ಕಾಯುವಿಕೆ; ಆಮೇಲೆ ಬಾಡಿಗೆ ಗಾಡಿಯ ಹುಡುಕಾಟ. 9 ಗಂಟೆ 5 ನಿಮಿಷಕ್ಕೆ ಹೊರಟು 9 ಗಂಟೆ 45 ನಿಮಿಷಕ್ಕೆ ತಲಪಿದನು. ಒಟ್ಟು 225 ನಿಮಿಷಗಳು. ಇವುಗಳಲ್ಲಿ ರಸ್ತೆಯ ಪಾಲು 40. ಅಂಗಳದ ಪಾಲು 185.

ಅದೇ ರೈತನ ಮನೆಯಲ್ಲಿ ಲಕ್ಷಣಗಳನ್ನು ಬಲ್ಲ ಒಬ್ಬ ವಿದ್ಯಾರ್ಥಿಯಿದ್ದಾನೆಂದು ಭಾವಿಸೋಣ. 6 ಗಂಟೆ 10 ನಿಮಿಷಕ್ಕೆ ಅವನು 108ಕ್ಕೆ ಕರೆಮಾಡುವನು. ಗಾಡಿ ಬರಲು 25 ನಿಮಿಷ ಹಿಡಿದರೂ 7 ಗಂಟೆ 15 ನಿಮಿಷಕ್ಕೆ ರೋಗಿಯು ಆಸ್ಪತ್ರೆಯಲ್ಲಿರುವನು. ಎರಡು ಲೆಕ್ಕಗಳಲ್ಲಿಯೂ ರಸ್ತೆ ಒಂದೇ, ದೂರ ಒಂದೇ. ಉಳಿದ ಎರಡೂವರೆ ಗಂಟೆಯನ್ನು ಉಳಿಸಿದ್ದು ಕೇವಲ ತಿಳಿವಳಿಕೆ.

ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವುದೇನು?

ಆಸ್ಪತ್ರೆಯನ್ನು ತಲಪಿದ 10 ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ನಿಯಮ. ಹೃದಯದ ಪ್ರತಿ ಮಿಡಿತಕ್ಕೂ ಮೊದಲು ವಿದ್ಯುತ್ತಿನ ಒಂದು ಅಲೆಯು ಸ್ನಾಯುವಿನಲ್ಲಿ ಹಾದುಹೋಗುವುದು. ಚರ್ಮದ ಮೇಲೆ ಅದರ ಬಲವು ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಹಾಲೆಂಡಿನ ಲೈಡನ್ ನಗರದ ಐಂಥೋವನ್ ಎಂಬ ವಿಜ್ಞಾನಿಯು 20ನೆಯ ಶತಮಾನದ ಆರಂಭದಲ್ಲಿ ಕಾಂತದ ಧ್ರುವಗಳ ನಡುವೆ ಕೂದಲಿಗಿಂತ ತೆಳುವಾದ ಎಳೆಯೊಂದನ್ನು ತೂಗಿಬಿಟ್ಟು ಈ ಅಲ್ಪ ವಿದ್ಯುತ್ತನ್ನು ಅಳೆದನು. ರೋಗಿಯ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಇರಿಸಬೇಕಾಗಿತ್ತು. ಈ ಕಾರ್ಯಕ್ಕಾಗಿ ಅವನಿಗೆ 1924ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇಂದು ಅದೇ ತತ್ತ್ವದ ಯಂತ್ರವು ಒಂದು ಪುಸ್ತಕದಷ್ಟು ಚಿಕ್ಕದಾಗಿದೆ. ರಕ್ತ ದೊರೆಯದ ಸ್ನಾಯುವಿನ ವಿದ್ಯುತ್ ಸ್ಥಿತಿಯು ಸುತ್ತಲಿನ ಸ್ನಾಯುವಿಗಿಂತ ಬೇರೆಯಾಗುವುದರಿಂದ ಪಟ್ಟಿಯ ಮೇಲಿನ ರೇಖೆಯ ಒಂದು ಭಾಗವು ತನ್ನ ಮಟ್ಟದಿಂದ ಮೇಲಕ್ಕೇಳುವುದು. ವೈದ್ಯರು ಅದನ್ನು ಕಂಡೊಡನೆ ದೊಡ್ಡ ಧಮನಿಯೊಂದು ಮುಚ್ಚಿದೆಯೆಂದು ತಿಳಿಯುವರು.

ಮೊದಲ ಪಟ್ಟಿಯಲ್ಲಿ ಏನೂ ಕಾಣದಿರುವುದೂ ಉಂಟು. ಆಗ ವೈದ್ಯರು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪಟ್ಟಿ ತೆಗೆಯುವರು. ಗಾಯಗೊಂಡ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ವಸ್ತುವನ್ನು ಪರೀಕ್ಷಿಸುವರು. “ಇ.ಸಿ.ಜಿ. ಸರಿಯಿದೆ” ಎಂಬ ಒಂದೇ ಮಾತಿನ ಮೇಲೆ, ನೋವು ಇರುವಾಗಲೇ ಮನೆಗೆ ಹೊರಡುವ ಆತುರ ತಕ್ಕದ್ದಲ್ಲ.

ತಾಲ್ಲೂಕು ಊರುಗಳಲ್ಲಿ ಹೃದ್ರೋಗತಜ್ಞರು ಸದಾ ಇರುವುದು ಕಷ್ಟ. ಈ ಕೊರತೆಯನ್ನು ನೀಗಲು ಕರ್ನಾಟಕ ಸರ್ಕಾರವು 2023ರಲ್ಲಿ ಒಂದು ಯೋಜನೆಯನ್ನು ಪ್ರಕಟಿಸಿತು. ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ಹೃದಯದ ತೊಂದರೆಯಿಂದ ತೀರಿಕೊಂಡುದು ನಾಡನ್ನೇ ದುಃಖದಲ್ಲಿ ಮುಳುಗಿಸಿತ್ತು. ಅವರ ಹೆಸರಿನಲ್ಲಿಯೇ ಈ ಯೋಜನೆಗೆ ಹೃದಯ ಜ್ಯೋತಿ ಎಂದು ನಾಮಕರಣವಾಯಿತು. ಇದರ ಕ್ರಮ ಸರಳವಾದುದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಪಟ್ಟಿಯನ್ನು ತಂತಿಯಿಲ್ಲದ ಜಾಲದ ಮೂಲಕ ತಜ್ಞರಿಗೆ ಕಳುಹಿಸುವರು. ಗಣಕಯಂತ್ರದ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಬರುವುದು. ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ದುಬಾರಿಯ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ರೋಗಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಸಾಗಿಸುವರು. ಪಾರ್ಶ್ವವಾಯು, ರಕ್ತಸ್ರಾವ ಮೊದಲಾದುವು ಇತ್ತೀಚೆಗೆ ಆಗಿದ್ದವರಿಗೆ ಈ ಮದ್ದು ಅಪಾಯಕರ. ಆದುದರಿಂದ ರೋಗಿಯ ಹಿಂದಿನ ಕಾಯಿಲೆಗಳನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು. 2025ರ ಜುಲೈ ವೇಳೆಗೆ ಯೋಜನೆಯು 86 ಆಸ್ಪತ್ರೆಗಳಲ್ಲಿ ನಡೆದಿತ್ತು. ಅದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರವು ಆಗ ಪ್ರಕಟಿಸಿತು. ತಮ್ಮ ಊರಿನ ಆಸ್ಪತ್ರೆಯಲ್ಲಿ ಈ ಸೌಕರ್ಯವಿದೆಯೆ ಎಂಬುದನ್ನು ವಾಚಕರು ಆಪತ್ತು ಬರುವ ಮೊದಲೇ ವಿಚಾರಿಸಿ ತಿಳಿದಿರುವುದು ವಿವೇಕ.

ಗಾಡಿ ಬರುವವರೆಗೆ ರೋಗಿಯನ್ನು ಒರಗಿಸಿ ಕೂರಿಸಬೇಕು; ನಡೆಸಬಾರದು; ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದನ್ನು ಆದಷ್ಟೂ ತಪ್ಪಿಸಬೇಕು. ಆಸ್ಪಿರಿನ್ ಮಾತ್ರೆಯು ಹೆಪ್ಪು ಬೆಳೆಯುವುದನ್ನು ತಡೆಯುವುದು. 17,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಅಗ್ಗದ ಮಾತ್ರೆಯೊಂದೇ ಸಾವುಗಳನ್ನು ಶೇಕಡ 23ರಷ್ಟು ಕಡಮೆ ಮಾಡಿತು. ಆಸ್ಪಿರಿನ್ ಒಗ್ಗದವರಿಗೂ ರಕ್ತಸ್ರಾವದ ರೋಗವಿರುವವರಿಗೂ ಅದನ್ನು ಕೊಡಬಾರದು. ಉಳಿದವರಿಗೆ, 108ರವರನ್ನೋ ವೈದ್ಯರನ್ನೋ ಫೋನಿನಲ್ಲಿ ಕೇಳಿ, ಸುಮಾರು 300 ಮಿಲಿಗ್ರಾಂ ಮಾತ್ರೆಯನ್ನು ಅಗಿದು ನುಂಗಿಸಬಹುದು. ನೆರೆಮನೆಯ ಹೃದ್ರೋಗಿಯ ನಾಲಗೆಯಡಿಯ ಮಾತ್ರೆಯನ್ನು ತಂದು ಕೊಡುವುದು ಸಲ್ಲದು. ರಕ್ತದ ಒತ್ತಡವು ಅದರಿಂದ ಅಪಾಯಕರವಾಗಿ ಕುಸಿಯಬಹುದು.

ಹೃದಯವು ನಿಂತಾಗ

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಎಂದು ಅನೇಕರು ತಿಳಿದಿರುವರು. ಮೊದಲನೆಯದು ಕೊಳವೆಯ ತೊಂದರೆ. ಎರಡನೆಯದು ಪಂಪೇ ನಿಂತುಹೋಗುವಂಥದು. ಆಘಾತಕ್ಕೊಳಗಾದ ಸ್ನಾಯುವಿನಲ್ಲಿ ವಿದ್ಯುತ್ತಿನ ಅಲೆಗಳು ದಾರಿತಪ್ಪಿ, ಹೃದಯವು ಮಿಡಿಯದೆ ಬರಿದೇ ಅದುರತೊಡಗಬಹುದು. ಆಗ ಮನುಷ್ಯನು ಕುಸಿದು ಪ್ರಜ್ಞೆ ತಪ್ಪುವನು. ಉಸಿರು ನಿಲ್ಲುವುದು ಇಲ್ಲವೆ ತೇಕುವಂತಾಗುವುದು. ಮುಖಕ್ಕೆ ನೀರು ಎರಚುವುದರಿಂದ, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಕೆಮ್ಮಿ ಕೆಮ್ಮಿ ಬದುಕಬಹುದೆಂದು ಮೊಬೈಲಿನಲ್ಲಿ ಹರಿದಾಡುವ ಉಪದೇಶವನ್ನೂ ನಂಬಬಾರದು.

ಮಾಡಬೇಕಾದುದಿಷ್ಟೆ: 108ಕ್ಕೆ ಕರೆಮಾಡಿಸಿ, ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈಯನ್ನಿಟ್ಟು, ನಿಮಿಷಕ್ಕೆ 100ರಿಂದ 120 ಸಲದಂತೆ, ಸುಮಾರು 5 ಸೆಂಟಿಮೀಟರು ಆಳಕ್ಕೆ ಒತ್ತುತ್ತಿರಬೇಕು. ನೆರವು ಬರುವವರೆಗೆ, ಒಬ್ಬರು ದಣಿದರೆ ಮತ್ತೊಬ್ಬರು, ನಿಲ್ಲಿಸದೆ ಒತ್ತಬೇಕು. 1960ರಲ್ಲಿ ಈ ವಿಧಾನವನ್ನು ಲೋಕಕ್ಕೆ ತಿಳಿಸಿದ ಅಮೆರಿಕದ ಮೂವರಲ್ಲಿ ಒಬ್ಬನಾದ ಕೌವನ್‌ಹೋವನ್ ವೈದ್ಯನಾಗಿರಲಿಲ್ಲ, ವಿದ್ಯುತ್ ಎಂಜಿನಿಯರನಾಗಿದ್ದನು. ಈ ಕೆಲಸಕ್ಕೆ ಬೇಕಾದುದು ಎರಡು ಕೈಗಳು ಮಾತ್ರವೆಂದು ಅವರೇ ತಿಳಿಸಿದ್ದರು.

ತಡೆಯುವ ಬಗೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿಗಳು ಒಂದರ ಮೇಲೊಂದು ಬಂದು ರಾಜ್ಯವೇ ಗಾಬರಿಗೊಂಡಿತು. ಜಯದೇವ ಸಂಸ್ಥೆಯ ಬೆಂಗಳೂರು, ಮೈಸೂರು ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನರು ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಹಬ್ಬಿತು. ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ಪರಿಶೀಲಿಸಿ, ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲವೆಂದು ವರದಿಮಾಡಿತು. ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದ ಹಳೆಯ ಶತ್ರುಗಳತ್ತಲೇ ಬೆರಳು ತೋರಿಸಿತು.

ಈ ಶತ್ರುಗಳ ಲೆಕ್ಕವನ್ನು 2004ರಲ್ಲಿಯೇ ಒಂದು ದೊಡ್ಡ ಅಧ್ಯಯನವು ಒದಗಿಸಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಎಂಬ ಆ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇಕಡ 90ರಷ್ಟಕ್ಕೆ ಒಂಬತ್ತು ಸಂಗತಿಗಳೇ ಕಾರಣ: ಧೂಮಪಾನ, ರಕ್ತದಲ್ಲಿನ ಕೆಟ್ಟ ಕೊಬ್ಬು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ತಳಮಳ, ಹಣ್ಣು-ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯದ ಅಭ್ಯಾಸ. ಇವುಗಳಲ್ಲಿ ಒಂದೂ ಹಣೆಬರಹವಲ್ಲ. ಅದೇ ಅಧ್ಯಯನದಿಂದ ತಿಳಿದ ಮತ್ತೊಂದು ಸಂಗತಿಯೆಂದರೆ, ದಕ್ಷಿಣ ಏಷ್ಯದವರಿಗೆ ಮೊದಲ ಆಘಾತವು ಬರುವ ನಡು ವಯಸ್ಸು 53. ಬೇರೆ ದೇಶದವರಿಗೆ ಸುಮಾರು 59. ನಮ್ಮವರು ಆರು ವರ್ಷ ಮೊದಲೇ ಎಚ್ಚರಗೊಳ್ಳಬೇಕಾಗಿದೆ.

ಇವುಗಳಲ್ಲಿ ಮೊದಲು ಬಿಡಬೇಕಾದುದು ತಂಬಾಕು. ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬುದೂ, ಎಲೆ-ಅಡಿಕೆಯೊಡನೆ ಅಗಿಯುವ ತಂಬಾಕು ಹೃದಯಕ್ಕೆ ತಾಗದೆಂಬುದೂ ಸುಳ್ಳು ಸಮಾಧಾನಗಳು. ಬಿಟ್ಟವನಿಗೆ ಫಲವೂ ಬೇಗ: ಧೂಮಪಾನವನ್ನು ಬಿಟ್ಟ ಒಂದು ವರ್ಷದಲ್ಲಿ ಹೆಚ್ಚಾಗಿದ್ದ ಅಪಾಯವು ಸುಮಾರು ಅರ್ಧಕ್ಕೆ ಇಳಿಯುವುದು. ತಂಬಾಕನ್ನು ಕೊಳ್ಳುವ ವಯಸ್ಸನ್ನು ಕರ್ನಾಟಕವು 2025ರಲ್ಲಿ 18ರಿಂದ 21ಕ್ಕೆ ಏರಿಸಿದುದು ಈ ಲೇಖನದ ವಾಚಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಎನ್ನಬೇಕು.

ಎರಡನೆಯದು ರಕ್ತದೊತ್ತಡ. 140/90ನ್ನು ಮುಟ್ಟಿದ ಒತ್ತಡವೂ ಬಹಳ ಮಂದಿಯಲ್ಲಿ ಯಾವ ನೋವನ್ನೂ ತೋರದು, ಅಳೆದಲ್ಲದೆ ತಿಳಿಯದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒತ್ತಡವನ್ನೂ ಸಕ್ಕರೆಯನ್ನೂ ಹಣವಿಲ್ಲದೆ ಪರೀಕ್ಷಿಸುವರು. ಮಾತ್ರೆಯನ್ನು ಮೊದಲು ಮಾಡಿದವರು “ಈಗ ಆರಾಮಾಗೈತೆ” ಎಂದು ತಾವಾಗಿಯೇ ನಿಲ್ಲಿಸಬಾರದು. ಆರಾಮವಾದುದು ಆ ಮಾತ್ರೆಯಿಂದಲೇ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಚಹದ ಚಮಚಕ್ಕಿಂತ, ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದೇ.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯು ದೂರ ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಸೊಪ್ಪು, ಹಸಿ ಸವತೆ-ಮೂಲಂಗಿ, ಮಿತವಾದ ಶೇಂಗಾ ಚಟ್ನಿ ಇವು ಹೃದಯಕ್ಕೆ ಒಪ್ಪುವ ಊಟವೇ ಸರಿ. ಮಿರ್ಚಿಯನ್ನು ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದುದನ್ನು ದಿನವೂ ತಿನ್ನುವ ಅಭ್ಯಾಸವನ್ನು ಮಾತ್ರ ಹಬ್ಬ-ಸಂತೆಗಳಿಗೆ ಮೀಸಲಾಗಿಡಬೇಕು. ನಡಿಗೆಯ ವಿಷಯವೂ ಹಾಗೆಯೇ. ಕೊಟ್ಟೂರೇಶ್ವರನ ತೇರಿಗೆ ಪ್ರತಿ ವರ್ಷವೂ ಸಾವಿರಾರು ಮಂದಿ ದಾವಣಗೆರೆಯಿಂದಲೂ ಇತರ ಊರುಗಳಿಂದಲೂ ನಡೆದೇ ಬರುವರು. ಆ ಕಾಲುಗಳಿಗೆ ದಿನಕ್ಕೆ ಅರ್ಧ ಗಂಟೆಯ ಚುರುಕಾದ ನಡಿಗೆ ಯಾವ ಲೆಕ್ಕ? ವರ್ಷಕ್ಕೊಮ್ಮೆಯ ದೀರ್ಘ ನಡಿಗೆಗಿಂತ ವಾರಕ್ಕೆ 150 ನಿಮಿಷಗಳ ನಡಿಗೆಯೇ ಹೃದಯಕ್ಕೆ ಹೆಚ್ಚು ಹಿತ. ಎದೆನೋವಿನ ಅನುಭವವಿರುವವರು ಪಾದಯಾತ್ರೆಗೆ ಹೊರಡುವ ಮುನ್ನ ವೈದ್ಯರನ್ನು ಕೇಳಿಯೇ ಹೊರಡಬೇಕು.

ವಿದ್ಯಾರ್ಥಿಯ ಪಾಲು

ಇಷ್ಟೆಲ್ಲವನ್ನೂ ಐವತ್ತು ದಾಟಿದವರಿಗೆ ಹೇಳದೆ ವಿದ್ಯಾರ್ಥಿಗಳಿಗೇಕೆ ಹೇಳಬೇಕೆಂದು ಕೇಳಬಹುದು. ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಔಷಧದ ಚೀಟಿಯನ್ನು ಓದುವವರು, ಫೋನಿನಲ್ಲಿ ವಿಳಾಸವನ್ನು ಸ್ಪಷ್ಟವಾಗಿ ಹೇಳಬಲ್ಲವರು ಶಾಲೆ-ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳೇ. ಎದೆ ಹಿಡಿದುಕೊಂಡ ತಂದೆಯ ಮುಂದೆ “ಇದು ಗ್ಯಾಸ್ ಅಲ್ಲದಿರಬಹುದು, ಈಗಲೇ ಹೋಗೋಣ” ಎಂದು ಹೇಳುವ ಧೈರ್ಯ ಅವರಿಗೆ ಬೇಕು. ಹಿರಿಯರು ಬೈದಾರು, ನಕ್ಕಾರು. ಆಸ್ಪತ್ರೆಯಲ್ಲಿ ಅದು ಬರಿಯ ಹೊಟ್ಟೆಯುರಿಯೆಂದು ತಿಳಿದರೆ ಖರ್ಚಾದುದು ಒಂದು ಬೆಳಗು ಮಾತ್ರ.

ವಾಚಕರು ಈ ವಾರದಲ್ಲಿಯೇ ಮೂರು ಕೆಲಸಗಳನ್ನು ಮಾಡಬಹುದು. 108 ಎಂಬ ಸಂಖ್ಯೆಯನ್ನೂ, ಹಳ್ಳಿಗೆ ಬರುವ ಗಾಡಿಗೆ ಹೇಳಬೇಕಾದ ದಾರಿಯ ಗುರುತನ್ನೂ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು. ಮನೆಯಲ್ಲಿ ಮೂವತ್ತು ದಾಟಿದ ಎಲ್ಲರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಗುರುತುಹಾಕುವುದು. ಎದೆಯೊತ್ತುವ ವಿಧಾನವನ್ನು ಬಲ್ಲವರಿಂದ ಕಲಿಯುವುದು. ತಮ್ಮ ಶಾಲೆಯಲ್ಲಿ ಅಂಥ ಒಂದು ಪಾಠವನ್ನು ಏರ್ಪಡಿಸಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿದರೆ ಅವರು ಬೇಡವೆನ್ನಲಾರರೆಂದು ನಂಬಿದ್ದೇವೆ. ರಸ್ತೆಯ 40 ನಿಮಿಷಗಳನ್ನು ನಾವು ಇಂದೇ ಕುಗ್ಗಿಸಲಾರೆವು. ಅಂಗಳದಲ್ಲಿ ಕಳೆಯುವ ಮೂರು ಗಂಟೆಗಳನ್ನು ಇಂದಿನಿಂದಲೇ ಉಳಿಸಬಹುದು.